ಕೆರಿಬಿಯನ್ ದ್ವೀಪಕ್ಕೆ ಮನೆಮಂದಿಯೆಲ್ಲ: ವೀಸಾ ಬೇಡ ಅಂದ್ರೂ ಮೊದಲು ಕೇಳಬೇಕಾದ ಎರಡು ಪ್ರಶ್ನೆ



ಇವತ್ತು ಕೆರಿಬಿಯನ್ ಬಗ್ಗೆ ಮಾತಾಡೋಣ. ಮಕ್ಕಳು, ಸಾಧ್ಯವಾದರೆ ಅಪ್ಪ-ಅಮ್ಮ, ಎಲ್ಲರನ್ನೂ ಕರ್ಕೊಂಡು ಹತ್ತು-ಹನ್ನೆರಡು ದಿನಕ್ಕೆ ಅಲ್ಲಿನ ಒಂದು ದ್ವೀಪಕ್ಕೆ ಹೋಗಿ ಬರೋದನ್ನ ಹೇಗೆ ಪ್ಲಾನ್ ಮಾಡೋದು ಅಂತ. ಥಾಯ್ಲೆಂಡ್ ಆಯ್ತು, ಬಾಲಿ ಆಯ್ತು, ದುಬೈ ಎರಡು ಸಲ ಆಯ್ತು, ಇನ್ನೆಲ್ಲಿ ಅನ್ನೋ ಮಾತು ಪುಣೆ, ಹೈದರಾಬಾದ್, ಚೆನ್ನೈನಲ್ಲಿರೋ ನಮ್ಮವರ ಮನೆಗಳಲ್ಲಿ ಈಗ ಮಾಮೂಲಿ. ಅಷ್ಟರಲ್ಲಿ ಯಾರೋ ಒಂದು ರೀಲ್ ಕಳಿಸ್ತಾರೆ. ನೀಲಿ ನೀರು, ಬಿಳಿ ಮರಳು, ಕೆಳಗೆ ದಪ್ಪ ಅಕ್ಷರದಲ್ಲಿ "ಭಾರತೀಯರಿಗೆ ವೀಸಾ ಬೇಡ".

ಆ ಮಾತು ಸುಳ್ಳಲ್ಲ. ಬಾರ್ಬಡೋಸ್, ಜಮೈಕಾ, ಗ್ರೆನಡಾ, ಡೊಮಿನಿಕಾ, ಟ್ರಿನಿಡಾಡ್ ಅಂಡ್ ಟೊಬೇಗೊ, ಈ ದೇಶಗಳಿಗೆ ಪ್ರವಾಸಕ್ಕೆ ಹೋಗೋ ಭಾರತೀಯ ಪಾಸ್‌ಪೋರ್ಟ್‌ನವರಿಗೆ ಮೊದಲೇ ವೀಸಾ ಮಾಡಿಸೋ ಗೋಜಿಲ್ಲ. ವಾಪಸ್ ಟಿಕೆಟ್, ಉಳಿಯೋ ಜಾಗದ ವಿಳಾಸ, ಖರ್ಚಿಗೆ ದುಡ್ಡಿದೆ ಅನ್ನೋದಕ್ಕೆ ಏನಾದರೂ ದಾಖಲೆ, ಇಷ್ಟು ಕೈಯಲ್ಲಿರಲಿ. ಒಂದು ಎಚ್ಚರಿಕೆ ಮಾತ್ರ: ಡೊಮಿನಿಕಾ ಬೇರೆ, ಡೊಮಿನಿಕನ್ ರಿಪಬ್ಲಿಕ್ ಬೇರೆ. ಎರಡನೆಯದಕ್ಕೆ ನಿಯಮವೇ ಬೇರೆ. ಬುಕಿಂಗ್ ಸೈಟ್‌ನಲ್ಲಿ ಹೆಸರು ಟೈಪ್ ಮಾಡುವಾಗ ಎರಡೂ ಒಂದರ ಕೆಳಗೊಂದು ಬರ್ತವೆ, ನೋಡ್ಕೊಳ್ಳಿ. ಹಾಗೇ ಅರೂಬಾ, ಕ್ಯುರಸಾವ್ ನೆದರ್ಲೆಂಡ್ಸ್‌ಗೆ ಸೇರಿದವು, ಮಾರ್ಟಿನಿಕ್, ಗ್ವಾಡೆಲೂಪ್ ಫ್ರಾನ್ಸ್‌ಗೆ. ಅಲ್ಲಿಗೆಲ್ಲ ಈ ಮಾತು ನಡೆಯೋಲ್ಲ.

ಆದ್ರೆ ರೀಲ್ ಮಾಡಿದವರು ಹೇಳದೇ ಬಿಡೋ ಎರಡು ಪ್ರಶ್ನೆ ಇವೆ. ದಾರಿಯಲ್ಲಿ ಎಲ್ಲಿ ಇಳಿದು ಹತ್ತಬೇಕು? ವಾಪಸ್ ಬಂದಾಗ ನಮ್ಮದೇ ಏರ್‌ಪೋರ್ಟ್‌ನಲ್ಲಿ ಏನು ಕೇಳ್ತಾರೆ? ಹೋಟೆಲ್ ನೋಡೋಕೆ ಮುಂಚೆ, ರಜೆ ಹಾಕೋಕೆ ಮುಂಚೆ, ಮಕ್ಕಳಿಗೆ ಹೇಳೋಕೂ ಮುಂಚೆ ಈ ಎರಡಕ್ಕೆ ಉತ್ತರ ಹುಡುಕಿ. ಯಾವ ದ್ವೀಪ ಅನ್ನೋದು ಆ ಉತ್ತರದಿಂದಲೇ ತೀರ್ಮಾನ ಆಗುತ್ತೆ, ಫೋಟೋದಿಂದ ಅಲ್ಲ.

ಮೊದಲು ದಾರಿ. ಭಾರತದಿಂದ ಕೆರಿಬಿಯನ್‌ಗೆ ನೇರ ವಿಮಾನ ಇಲ್ಲ. ಮನೆ ಬಾಗಿಲಿಂದ ಹೋಟೆಲ್ ಬಾಗಿಲಿಗೆ ಸುಮಾರು 30 ಗಂಟೆ ಅಂತ ಲೆಕ್ಕ ಇಟ್ಕೊಳ್ಳಿ, ಹೆಚ್ಚಾದರೂ ಆಶ್ಚರ್ಯ ಇಲ್ಲ. ಟ್ರಿನಿಡಾಡ್‌ನ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಉದಾಹರಣೆ ತಗೊಳ್ಳೋಣ. ಅಲ್ಲಿಗೆ ನ್ಯೂಯಾರ್ಕ್, ಮಯಾಮಿ, ಹ್ಯೂಸ್ಟನ್ ಕಡೆಯಿಂದ ವಿಮಾನಗಳಿವೆ, ಟೊರಾಂಟೊದಿಂದ ಇವೆ, ಪನಾಮಾದಿಂದ ಇವೆ, ಯುರೋಪ್ ಕಡೆಯಿಂದಲೂ ಸೀಸನ್ ನೋಡ್ಕೊಂಡು ಬರೋ ಹೋಗೋ ದಾರಿಗಳಿವೆ. ಬಾಗಿಲು ಇರೋದು ಇಲ್ಲೇ.

ಅಮೆರಿಕದಲ್ಲಿ ಏರ್‌ಪೋರ್ಟ್ ಒಳಗೇ ಕೂತು ಮುಂದಿನ ವಿಮಾನ ಹತ್ತೋ ವ್ಯವಸ್ಥೆ ನಮಗಿಲ್ಲ. ಎರಡು ಗಂಟೆ ಇದ್ದರೂ ಇಮಿಗ್ರೇಷನ್ ದಾಟಬೇಕು, ಅದಕ್ಕೆ ಟ್ರಾನ್ಸಿಟ್ ವೀಸಾ ಆದರೂ ಬೇಕು, ಬಿ1/ಬಿ2 ಆದರೂ ಬೇಕು. ಇಲ್ಲಿ ನಮ್ಮ ಐಟಿ ಮನೆಗಳದ್ದೇ ಒಂದು ವಿಶೇಷ ಇದೆ. ಮನೆಯಲ್ಲಿ ಒಬ್ಬರ ಪಾಸ್‌ಪೋರ್ಟಲ್ಲಿ, ಆಫೀಸ್ ಕೆಲಸಕ್ಕೆ ಯಾವಾಗಲೋ ಮಾಡಿಸಿದ್ದು, ಹತ್ತು ವರ್ಷದ ಬಿ1/ಬಿ2 ಇರುತ್ತೆ. "ನಂದಿದೆ" ಅಂತ ಧೈರ್ಯ. ಹೆಂಡತಿದು ಇಲ್ಲ, ಎಂಟು ವರ್ಷದ ಮಗಂದು ಇಲ್ಲ, ಅಮ್ಮಂದು ಅಂತೂ ಪಾಸ್‌ಪೋರ್ಟೇ ಹೊಸದು. ಸರ್ಚ್‌ನಲ್ಲಿ ಅಗ್ಗವಾಗಿ ಕಾಣೋ ನ್ಯೂಯಾರ್ಕ್ ದಾರಿ ಆ ಮನೆಗೆ ದಾರಿಯೇ ಅಲ್ಲ. ಮನೆಯಲ್ಲಿ ಅತಿ ಕಡಿಮೆ ಸ್ಟಾಂಪ್ ಇರೋ ಪಾಸ್‌ಪೋರ್ಟ್ ಯಾರದು ನೋಡಿ, ಪ್ಲಾನ್ ಅವರಿಂದ ಶುರು ಮಾಡಿ. ಇನ್ನು ವೀಸಾ ಹಳೇ ಪಾಸ್‌ಪೋರ್ಟಲ್ಲಿ ಇದ್ದು ಅವಧಿ ಮುಗಿದಿಲ್ಲ ಅಂದ್ರೆ ಹಳೇದು, ಹೊಸದು ಎರಡನ್ನೂ ಜೊತೆಗೆ ಇಟ್ಕೊಳ್ಳಿ.

ಕೆನಡಾ ದಾರಿಗೂ ಟ್ರಾನ್ಸಿಟ್ ವೀಸಾ ಬೇಕು. ಲಂಡನ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಹೆಚ್ಚು ಜನ ಎಡವೋದು ಅಲ್ಲೇ. ವಿಮಾನ ನಿಲ್ದಾಣದ ಒಳಗೇ ಉಳಿದು ಮುಂದಕ್ಕೆ ಹೋಗೋದಾದರೂ ಭಾರತೀಯರಿಗೆ ಬ್ರಿಟನ್‌ನ ಏರ್‌ಸೈಡ್ ಟ್ರಾನ್ಸಿಟ್ ವೀಸಾ ಬೇಕಾಗುತ್ತೆ. ಅಮೆರಿಕದಂಥ ಕೆಲವು ದೇಶಗಳ ಚಾಲ್ತಿ ವೀಸಾ ಇದ್ದವರಿಗೆ ಸಾಮಾನ್ಯವಾಗಿ ವಿನಾಯಿತಿ ಇದೆ. ಆದ್ರೆ ನಮ್ಮ ಕಡೆಯಿಂದ ಹೋಗೋ ಹೆಚ್ಚಿನ ವಿಮಾನಗಳು ಇಳಿಯೋದು ಹೀಥ್ರೂನಲ್ಲಿ, ಕೆರಿಬಿಯನ್‌ಗೆ ಹೋಗೋ ಹಲವು ವಿಮಾನಗಳು ಹೊರಡೋದು ಗ್ಯಾಟ್ವಿಕ್‌ನಿಂದ. ಎರಡರ ನಡುವೆ ಬಸ್ಸಲ್ಲಿ ಒಂದು ಗಂಟೆ ಮೇಲೆ. ಅಂದ್ರೆ ನೀವು ಬ್ರಿಟನ್ ಒಳಗೆ ಕಾಲಿಟ್ಟ ಹಾಗೆ, ಆ ಏರ್‌ಸೈಡ್ ವೀಸಾ ಅಲ್ಲಿ ಸಾಲದು, ಬೇರೆ ಥರದ್ದು ಬೇಕು. ಟಿಕೆಟ್‌ನಲ್ಲಿ ಲಂಡನ್ ಅಂತ ಮಾತ್ರ ನೋಡಿ ಬಿಡಬೇಡಿ, ಪಕ್ಕದಲ್ಲಿರೋ ಮೂರು ಅಕ್ಷರದ ಕೋಡ್ ಓದಿ.

ಯುರೋಪ್ ದಾರಿ ಅಂದ್ರೆ ಶೆಂಗೆನ್. ಏರ್‌ಪೋರ್ಟ್ ಒಳಗಿನ ಟ್ರಾನ್ಸಿಟ್‌ಗೆ ವೀಸಾ ಬೇಕೋ ಬೇಡವೋ ಅನ್ನೋದು ದೇಶದಿಂದ ದೇಶಕ್ಕೆ ಬೇರೆ, ಆಗಾಗ ಬದಲಾಗುತ್ತೆ ಕೂಡ. ಹಾಗಾಗಿ ಆ ದೇಶದ ಸರ್ಕಾರಿ ಪುಟದಲ್ಲೇ ನೋಡಿ, ಏಜೆಂಟ್ ಮಾತಲ್ಲಿ ಅಲ್ಲ. ಬದಲಾಗದ ಒಂದು ವಿಷಯ ಹೇಳ್ತೀನಿ. ಎರಡು ಶೆಂಗೆನ್ ಏರ್‌ಪೋರ್ಟ್ ಒಂದೇ ಪ್ರಯಾಣದಲ್ಲಿ ಬಂದ್ರೆ, ಉದಾಹರಣೆಗೆ ಮುಂಬೈಯಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್, ಆಮೇಲೆ ದ್ವೀಪ, ಮೊದಲನೇ ಊರಲ್ಲೇ ನೀವು ಶೆಂಗೆನ್ ಒಳಗೆ ಹೋದ ಹಾಗೆ. ಪೂರ್ತಿ ಶೆಂಗೆನ್ ವೀಸಾ ಬೇಕು. ಒಂದೇ ನಿಲ್ದಾಣ ಇರೋ ದಾರಿ ಆರಿಸ್ಕೊಳ್ಳಿ.

ಮತ್ತೆ, ಇಡೀ ಪ್ರಯಾಣ ಒಂದೇ ಟಿಕೆಟ್‌ನಲ್ಲಿ, ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಹದಿನೈದು ಸಾವಿರ ಉಳಿಯುತ್ತೆ ಅಂತ ಎರಡು ಬೇರೆ ಬೇರೆ ಟಿಕೆಟ್ ತಗೊಂಡರೆ ನಡುವೆ ಸೂಟ್‌ಕೇಸ್ ಎತ್ಕೊಂಡು ಹೊರಗೆ ಬಂದು ಮತ್ತೆ ಚೆಕ್-ಇನ್ ಮಾಡಬೇಕು, ಹೊರಗೆ ಬರೋಕೆ ವೀಸಾ ಬೇಕು. ಮೊದಲನೇ ವಿಮಾನ ತಡವಾದರೆ ಎರಡನೇ ಕಂಪನಿ "ನಮಗೆ ಸಂಬಂಧ ಇಲ್ಲ" ಅನ್ನುತ್ತೆ. ಕಾನೂನು ಪ್ರಕಾರ ಅವರು ಹೇಳೋದು ಸರಿ ಕೂಡ.

ಪನಾಮಾ ದಾರಿ ನಕ್ಷೆಯಲ್ಲಿ ಚೆನ್ನಾಗಿ ಕಾಣುತ್ತೆ. ಅದನ್ನ ನಾನು ಯಾಕೆ ಹಿಂದಕ್ಕೆ ಇಡ್ತೀನಿ ಅನ್ನೋದು ಎರಡನೇ ಪ್ರಶ್ನೆಗೆ ಬಂದಾಗ ಗೊತ್ತಾಗುತ್ತೆ.

ಎರಡನೇ ಪ್ರಶ್ನೆ ಹಳದಿ ಜ್ವರದ್ದು, ಯೆಲ್ಲೋ ಫೀವರ್. ಆಫ್ರಿಕಾಕ್ಕೆ ಪ್ರಾಜೆಕ್ಟ್ ಮೇಲೆ ಹೋದವರಿಗೆ ಇದು ಗೊತ್ತಿರುತ್ತೆ, ಕೆರಿಬಿಯನ್ ಅಂದ ತಕ್ಷಣ ಯಾರಿಗೂ ನೆನಪಾಗೋಲ್ಲ. ನಮ್ಮ ದೇಶದಲ್ಲಿ ಈ ಕಾಯಿಲೆ ಇಲ್ಲ, ಅದನ್ನು ಹರಡೋ ಸೊಳ್ಳೆ ಮಾತ್ರ ಬೇಕಾದಷ್ಟಿದೆ. ಡೆಂಗಿ ತರೋ ಅದೇ ಈಡಿಸ್ ಸೊಳ್ಳೆ. ಹಾಗಾಗಿ ಹೊರಗಿಂದ ಒಬ್ಬರು ತಂದ್ರೂ ಕಷ್ಟ ಅಂತ ಭಾರತ ಇದರಲ್ಲಿ ಬಹಳ ಕಟ್ಟುನಿಟ್ಟು. ಸರ್ಕಾರ ಅಪಾಯದ ದೇಶಗಳ ಒಂದು ಪಟ್ಟಿ ಇಟ್ಟಿದೆ. ಅದರಲ್ಲಿ ಟ್ರಿನಿಡಾಡ್ ದ್ವೀಪ ಇದೆ, ಪನಾಮಾ ಇದೆ. ಬಾರ್ಬಡೋಸ್ ಇಲ್ಲ, ಜಮೈಕಾ ಇಲ್ಲ.

ಇದರ ಅರ್ಥ ಏನು ಅಂದ್ರೆ, ಭಾರತದಿಂದ ಟ್ರಿನಿಡಾಡ್‌ಗೆ ಹೋಗುವಾಗ ನಿಮ್ಮನ್ನ ಯಾರೂ ಈ ಲಸಿಕೆ ಬಗ್ಗೆ ಕೇಳೋಲ್ಲ. ಹೋಗ್ತೀರಿ, ಆಡ್ತೀರಿ, ಖುಷಿಯಾಗಿ ವಾಪಸ್ ಬಂದು ಮುಂಬೈಯಲ್ಲಿ ಇಳೀತೀರಿ. ಅಲ್ಲಿ ಆರೋಗ್ಯ ಇಲಾಖೆಯ ಕೌಂಟರ್‌ನಲ್ಲಿ ಹಳದಿ ಕಾರ್ಡ್ ತೋರಿಸಿ ಅಂತಾರೆ. ಇಲ್ಲ ಅಂದ್ರೆ ಆ ದೇಶ ಬಿಟ್ಟ ದಿನದಿಂದ 6 ದಿನ ಆಗೋವರೆಗೆ ಕ್ವಾರಂಟೈನ್‌ನಲ್ಲಿ ಇಡೋ ಅಧಿಕಾರ ಅವರಿಗಿದೆ. ಸೋಮವಾರ ಆಫೀಸು, ಮಕ್ಕಳಿಗೆ ಶಾಲೆ ಶುರು, ನೀವು ಕ್ವಾರಂಟೈನ್‌ನಲ್ಲಿ. ಇದಕ್ಕೆ ಪರಿಹಾರ ಸುಲಭ. ಹೊರಡೋಕೆ ಕನಿಷ್ಠ 10 ದಿನ ಮುಂಚೆ ಒಂದು ಇಂಜೆಕ್ಷನ್. ಕಾರ್ಡ್‌ಗೆ ಬೆಲೆ ಬರೋದು ಆ ಹತ್ತು ದಿನ ಆದಮೇಲೆ, ಅಲ್ಲಿಂದ ಮುಂದೆ ಜೀವನಪೂರ್ತಿ. ಆದ್ರೆ ಇದನ್ನ ಪಕ್ಕದ ಬೀದಿ ಕ್ಲಿನಿಕ್‌ನಲ್ಲಿ ಹಾಕಿಸೋ ಹಾಗಿಲ್ಲ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲೇ ಆಗಬೇಕು. ಚೆನ್ನೈನವರಿಗೆ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್, ಹೈದರಾಬಾದ್‌ನವರಿಗೆ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್, ಹೀಗೆ. ಮುಂಬೈ, ದೆಹಲಿಯಲ್ಲೂ ಇವೆ. ಅಪಾಯಿಂಟ್‌ಮೆಂಟ್ ಬೇಕು, ಕೆಲವು ಕಡೆ ವಾರದಲ್ಲಿ ಕೆಲವೇ ದಿನ ಹಾಕ್ತಾರೆ. ಪಾಸ್‌ಪೋರ್ಟ್ ತಗೊಂಡು ಹೋಗಿ.

ಈಗ ಮುಖ್ಯ ವಿಷಯ, ಅಪ್ಪ-ಅಮ್ಮ. ಇದು ಜೀವಂತ ವೈರಸ್ಸನ್ನ ದುರ್ಬಲ ಮಾಡಿ ತಯಾರಿಸೋ ಲಸಿಕೆ. ಹೆಚ್ಚಿನವರಿಗೆ ಏನೂ ಆಗೋಲ್ಲ. ಆದ್ರೆ 60 ದಾಟಿದವರಿಗೆ ಮೊದಲ ಸಲ ಕೊಡುವಾಗ ಅಪರೂಪಕ್ಕೆ ಆಗೋ ತೀವ್ರ ಅಡ್ಡಪರಿಣಾಮದ ಸಾಧ್ಯತೆ ಚಿಕ್ಕವರಿಗಿಂತ ಹೆಚ್ಚು ಅಂತ ವೈದ್ಯರು ಎಚ್ಚರ ವಹಿಸ್ತಾರೆ. ಮೊಟ್ಟೆಗೆ ಜೋರಾದ ಅಲರ್ಜಿ ಇದ್ದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿಸೋ ಔಷಧಿ ತಗೊಳ್ಳೋರಿಗೆ, ಎಳೆ ಮಕ್ಕಳಿಗೆ ಇದು ಆಗಿಬರೋಲ್ಲ. ಸಂಧಿವಾತಕ್ಕೆ ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಳ್ಳೋ ಅಮ್ಮ, ಕೀಮೋ ಮುಗಿಸಿ ಇನ್ನೂ ಚೇತರಿಸಿಕೊಳ್ತಿರೋ ಅಪ್ಪ, ಇಂಥವರು ಎಷ್ಟು ಮನೆಯಲ್ಲಿಲ್ಲ? ಅವರನ್ನ ನೋಡೋ ಡಾಕ್ಟರ್ ಹತ್ರ ಎದುರು ಕೂತು ಕೇಳಿ. ಟಿಕೆಟ್ ತಗೊಂಡ ಮೇಲೆ ಅಲ್ಲ, ಮುಂಚೆ. "ಒಂದು ಇಂಜೆಕ್ಷನ್ ತಾನೇ, ಹಾಕಿಸ್ಕೋಮ್ಮ" ಅಂತ ಒತ್ತಾಯ ಮಾಡೋ ವಿಷಯ ಇದಲ್ಲ. ಮಗ ಇಷ್ಟು ದುಡ್ಡು ಹಾಕಿದ್ದಾನೆ ಅಂತ ಅಮ್ಮ ಬೇಡ ಅನ್ನೋದೂ ಇಲ್ಲ, ನಮಗೆಲ್ಲ ಗೊತ್ತಿರೋದೇ. ಡಾಕ್ಟರ್ ಹಾಕಿಸಬೇಡಿ ಅಂತ ಪತ್ರ ಕೊಟ್ರೂ ಅದರಿಂದ ಕ್ವಾರಂಟೈನ್ ತಪ್ಪುತ್ತೆ ಅಂತ ಲೆಕ್ಕ ಹಾಕ್ಬೇಡಿ.

ಹಾಗಾಗಿ ನನ್ನ ಸಲಹೆ ಇಷ್ಟು. ಮನೆಯಲ್ಲಿ ಎಲ್ಲರೂ ಲಸಿಕೆ ತಗೋಬಹುದು ಅಂದ್ರೆ ಟ್ರಿನಿಡಾಡ್ ಅಂಡ್ ಟೊಬೇಗೊ. ಒಬ್ಬರಿಗೆ ಆಗೋಲ್ಲ ಅಂದ್ರೆ ಬಾರ್ಬಡೋಸ್, ಅದೂ ಪನಾಮಾ ಮುಟ್ಟದ ದಾರಿಯಲ್ಲಿ. ಬಾರ್ಬಡೋಸ್ ಪುಟ್ಟ ದ್ವೀಪ, ಪಶ್ಚಿಮದ ಕಡೆ ಸಮುದ್ರ ಶಾಂತ, ವಯಸ್ಸಾದವರಿಗೆ ಅನುಕೂಲ. ರಾಜಧಾನಿ ಬ್ರಿಜ್‌ಟೌನ್‌ನಲ್ಲೇ ಕೆನ್ಸಿಂಗ್ಟನ್ ಓವಲ್ ಇದೆ, 2024ರ ಜೂನ್ 29ಕ್ಕೆ ಭಾರತ ಟಿ20 ವಿಶ್ವಕಪ್ ಗೆದ್ದ ಮೈದಾನ. ಕೋಚ್ ಆಗಿದ್ದ ದ್ರಾವಿಡ್ ಅವತ್ತು ಕಪ್ ಹಿಡಿದು ಕೂಗಿದ್ದನ್ನ ಮರೆತವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ.

ಆ ಗೆಲುವಿನ ಮರುದಿನ ಏನಾಯ್ತು ನೆನಪಿದೆಯಾ? ಬೆರಿಲ್ ಚಂಡಮಾರುತ ಬಂತು, ಏರ್‌ಪೋರ್ಟ್ ಮುಚ್ಚಿತು, ವಿಶ್ವಕಪ್ ಗೆದ್ದ ತಂಡವೇ ಹೋಟೆಲ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ವಿಶೇಷ ವಿಮಾನ ಹೋಗಿ ಕರ್ಕೊಂಡು ಬರಬೇಕಾಯ್ತು. ನಿಮಗೆ, ನನಗೆ ಬಿಸಿಸಿಐ ವಿಮಾನ ಕಳಿಸೋಲ್ಲ. ಅಟ್ಲಾಂಟಿಕ್‌ನ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಜೋರು ಇರೋದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ನಮ್ಮ ದಸರಾ ರಜೆ ಸರಿಯಾಗಿ ಅದರ ಹೊಟ್ಟೆಯಲ್ಲೇ ಬೀಳುತ್ತೆ. ಆಗ ರೇಟ್ ಕಡಿಮೆ ಇರುತ್ತೆ, ಕಡಿಮೆ ಇರೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಟ್ರಿನಿಡಾಡ್ ದಕ್ಷಿಣದ ತುದಿಯಲ್ಲಿ, ವೆನೆಜುವೆಲಾಕ್ಕೆ ಅಂಟಿಕೊಂಡ ಹಾಗೆ ಇದೆ. ಹಾಗಾಗಿ ಹೆಚ್ಚಿನ ಚಂಡಮಾರುತಗಳು ಅದರ ಉತ್ತರಕ್ಕೆ ಹಾದು ಹೋಗ್ತವೆ, ಇದೂ ನಾನು ಅದನ್ನ ಮುಂದೆ ಇಡೋದಕ್ಕೆ ಒಂದು ಕಾರಣ. ಅಲ್ಲಿ ಜನವರಿಯಿಂದ ಮೇವರೆಗೆ ಒಣ ಹವೆ, ಜೂನ್‌ನಿಂದ ಮಳೆ. ನಮ್ಮ ಬೇಸಿಗೆ ರಜೆಗೆ ಇದು ಸರಿಯಾಗಿ ಕೂತುಕೊಳ್ಳುತ್ತೆ. ಮೇ ತಿಂಗಳ ಎರಡನೇ ಅರ್ಧ ನನ್ನ ಆಯ್ಕೆ, ಕಾರಣ ಮೇ 30. ಅದಕ್ಕೆ ಈಗಲೇ ಬರ್ತೀನಿ.

ಅದಕ್ಕೆ ಮುಂಚೆ ಒಂದು ಮಾತು ನೇರವಾಗಿ ಹೇಳ್ಬೇಕು. ಬರೀ ನೀಲಿ ಸಮುದ್ರ ಬೇಕು ಅಂದ್ರೆ ಇಷ್ಟು ದೂರ ಹೋಗ್ಬೇಡಿ. ಅಂಡಮಾನ್ ಇದೆ, ಮಾಲ್ಡೀವ್ಸ್ ಇದೆ, ಚೆನ್ನೈನಿಂದ ಎರಡು-ಮೂರು ಗಂಟೆಯಲ್ಲಿ ಮುಟ್ಟಬಹುದು. ತಲೆಗೆ ಲಕ್ಷ ದಾಟೋ ಟಿಕೆಟ್ ಹಾಕಿ, ಒಂಬತ್ತೂವರೆ ಗಂಟೆ ಗಡಿಯಾರ ಹಿಂದೆ ತಿರುಗಿಸಿ, ರೆಸಾರ್ಟ್ ಕೊಳದ ಪಕ್ಕ ಮಲಗಿ ಬರೋದಕ್ಕೆ ಅರ್ಥ ಇಲ್ಲ. ಟ್ರಿನಿಡಾಡ್‌ಗೆ ಹೋಗೋದು ಅಲ್ಲಿನ ಜನಕ್ಕೋಸ್ಕರ.

1845ರ ಮೇ 30ಕ್ಕೆ ಫಟೆಲ್ ರಝಾಕ್ ಅನ್ನೋ ಹಡಗು ಕಲ್ಕತ್ತೆಯಿಂದ ಇನ್ನೂರಕ್ಕೂ ಹೆಚ್ಚು ಜನರನ್ನ ಹೊತ್ತು ಅಲ್ಲಿ ತಲುಪಿತು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕಿತ್ತು. ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ ಕರ್ಕೊಂಡು ಹೋದರು. 1917ರವರೆಗೆ ಇದು ನಡೀತು, ಒಟ್ಟು 1,40,000ಕ್ಕೂ ಹೆಚ್ಚು ಜನ ಹೋದರು. ಬಹುಪಾಲು ಇವತ್ತಿನ ಉತ್ತರ ಪ್ರದೇಶ, ಬಿಹಾರದವರು, ಮದ್ರಾಸ್ ಬಂದರಿಂದ ಹೊರಟವರೂ ಇದ್ದರು. ಇವತ್ತು ಆ ದೇಶದ ಮೂರರಲ್ಲಿ ಒಂದು ಭಾಗಕ್ಕೂ ಹೆಚ್ಚು ಜನ ಅವರ ಸಂತತಿ. ಮೇ 30 ಅಲ್ಲಿ ಸರ್ಕಾರಿ ರಜೆ, ಇಂಡಿಯನ್ ಅರೈವಲ್ ಡೇ. ಊರೂರಲ್ಲಿ ಮೆರವಣಿಗೆ, ಡೋಲು, ಹಡಗಿಳಿದ ದೃಶ್ಯದ ನಾಟಕ. ದೀಪಾವಳಿಗೂ ಅಲ್ಲಿ ದೇಶಪೂರ್ತಿ ರಜೆ, ಪುಣೆಯಲ್ಲಿ ಎಷ್ಟೋ ಕಂಪನಿಗಳು ಕೊಡೋದಕ್ಕಿಂತ ಧಾರಾಳವಾಗಿ!

ಬೇರೆ ಊರಿಗೆ ಕೆಲಸಕ್ಕೆ ಬಂದು ಮನೆಮಾತು ಉಳಿಸ್ಕೊಳ್ಳೋದು ಹೇಗೆ ಅಂತ ನಾವೆಲ್ಲ ಒದ್ದಾಡ್ತೀವಲ್ಲ, ಈ ದ್ವೀಪದಲ್ಲಿ ನೂರೆಂಬತ್ತು ವರ್ಷ ಆದ್ಮೇಲೆ ಏನು ಉಳಿದಿದೆ, ಏನು ಹೋಗಿದೆ ಅಂತ ಕಣ್ಣಾರೆ ನೋಡಬಹುದು. ಭೋಜ್‌ಪುರಿ ಮಾತು ಬಹುಮಟ್ಟಿಗೆ ಹೋಗಿದೆ. ಎಲ್ಲರದೂ ಇಂಗ್ಲಿಷ್, ಅದೂ ಅವರದೇ ರಾಗದ ಇಂಗ್ಲಿಷ್, ಮೊದಲ ದಿನ ನಮಗೆ ಅರ್ಧ ತಿಳಿಯೋಲ್ಲ. ಆದ್ರೆ ಅಡುಗೆಮನೆ ಮಾತು ಗಟ್ಟಿಯಾಗಿ ಉಳಿದಿದೆ. ಬದನೆಕಾಯಿಗೆ ಬೈಗನ್, ಜೀರಿಗೆಗೆ ಗೀರಾ, ಸೊಪ್ಪಿಗೆ ಭಾಜಿ. ಅಪ್ಪನ ತಾಯಿಗೆ ಆಜಿ, ಅಪ್ಪನ ತಂದೆಗೆ ಆಜಾ. ನಮ್ಮ ಮಕ್ಕಳು "ಅಜ್ಜಿ" ಅಂತ ಕೂಗಿದ್ರೆ ಅಂಗಡಿಯಲ್ಲಿ ನಾಲ್ಕು ಜನ ತಿರುಗಿ ನೋಡಬಹುದು.

ಊಟದ ಚಿಂತೆ ಸಸ್ಯಾಹಾರಿಗಳಿಗೂ ಅಷ್ಟಾಗಿ ಬೇಡ. ಬೆಳಿಗ್ಗೆ ರಸ್ತೆ ಬದಿ ಡಬಲ್ಸ್ ತಿನ್ನಿ. ಎರಡು ಮೆತ್ತಗಿನ ಬಾರಾ, ನಡುವೆ ಕಡಲೆ ಪಲ್ಯ, ಮೇಲೆ ಹುಣಸೆ ಚಟ್ನಿ, ಖಾರ. ಖಾರ ಎಷ್ಟು ಅಂತ ಕೇಳ್ತಾರೆ, "ಸ್ಲೈಟ್" ಅನ್ನಿ. ಗುಂಟೂರು ಮೆಣಸಿನಕಾಯಿ ತಿಂದ ಹೈದರಾಬಾದಿಗರೂ ಮೊದಲನೇ ದಿನ ಶೌರ್ಯ ತೋರಿಸಬೇಡಿ, ಅಲ್ಲಿನ ಮೆಣಸು ಬೇರೆ ಜಾತಿ. ಮಧ್ಯಾಹ್ನ ರೊಟ್ಟಿ ಅಂಗಡಿ. ಧಾಲ್‌ಪುರಿ ಅಂದ್ರೆ ಬೇಳೆ ಹೂರಣ ತುಂಬಿದ ರೊಟ್ಟಿ, ನಮ್ಮ ಹೋಳಿಗೆಯ ಖಾರದ ತಮ್ಮ ಅನ್ನಬಹುದು. ಜೊತೆಗೆ ಆಲೂ, ಕುಂಬಳಕಾಯಿ, ಚನ್ನಾ. ಒಂದೇ ಸೌಟು ಮಾಂಸದ ಪಾತ್ರೆಗೂ ಹೋಗುತ್ತಾ ಅಂತ ಕೇಳ್ಕೊಳ್ಳಿ, ಅದಕ್ಕೆ ಕಟ್ಟುನಿಟ್ಟಾಗಿರೋರು ಅಡುಗೆಮನೆ ಇರೋ ಅಪಾರ್ಟ್‌ಮೆಂಟ್ ತಗೊಂಡರೆ ನೆಮ್ಮದಿ. ಅಕ್ಕಿ, ಬೇಳೆ, ಅರಿಶಿನ ಎಲ್ಲಾ ಸಿಗುತ್ತೆ. ಸಾರಿನ ಪುಡಿ ಮಾತ್ರ ಇಲ್ಲಿಂದ ಒಯ್ಯಿರಿ.

ನೋಡೋ ಜಾಗ ಒಂದಿಷ್ಟು. ವಾಟರ್‌ಲೂ ಅನ್ನೋ ಹಳ್ಳಿಯಲ್ಲಿ ಸಮುದ್ರದ ಒಳಗೆ ಒಂದು ದೇವಸ್ಥಾನ ಇದೆ. ಸೇವದಾಸ್ ಸಾಧು ಅನ್ನೋ ಕಬ್ಬಿನ ಗದ್ದೆ ಕೂಲಿ 1947ರಲ್ಲಿ ದಡದಲ್ಲಿ ಗುಡಿ ಕಟ್ಟಿದರು. ಜಾಗ ಸಕ್ಕರೆ ಕಂಪನಿದು. ಗುಡಿ ಕೆಡವಿದರು, ಅವರನ್ನ ಜೈಲಿಗೆ ಹಾಕಿದರು. ಹೊರಗೆ ಬಂದ ಮೇಲೆ, ಸಮುದ್ರ ಯಾರದೂ ಅಲ್ಲವಲ್ಲ ಅಂತ, ಸೈಕಲ್‌ನಲ್ಲಿ ಕಲ್ಲು, ಸಿಮೆಂಟ್ ಹೊತ್ತು ತಂದು ನೀರಲ್ಲೇ ಕಟ್ಟೋಕೆ ಶುರು ಮಾಡಿದರು. ಇಪ್ಪತ್ತೈದು ವರ್ಷ ಹಾಗೇ ಮಾಡಿದರು. ಈಗ ಇರೋದು 1995ರಲ್ಲಿ ಮತ್ತೆ ಕಟ್ಟಿದ್ದು. ಹತ್ತು ವರ್ಷದ ಮಗುವಿಗೆ ಈ ಕತೆಯನ್ನ ಆ ಕಟ್ಟೆ ಮೇಲೆ ನಿಂತು ಹೇಳಿ ನೋಡಿ, ಯಾವ ವಾಟರ್ ಪಾರ್ಕೂ ಅದಕ್ಕೆ ಸಮ ಅಲ್ಲ.

ಅಲ್ಲಿಂದ ಸ್ವಲ್ಪ ದೂರದ ಕ್ಯಾರಪಿಚೈಮಾದಲ್ಲಿ 85 ಅಡಿಯ ಹನುಮಂತನ ಮೂರ್ತಿ, ದತ್ತಾತ್ರೇಯ ಯೋಗ ಕೇಂದ್ರದ ಅಂಗಳದಲ್ಲಿ. ದೇವಸ್ಥಾನ ನಮ್ಮ ಕಡೆಯ ಶೈಲಿಯದು, ಯಾಕಂದ್ರೆ ಅದು ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮಕ್ಕೆ ಸೇರಿದ್ದು. ಮೈಸೂರಿನ ಊಟಿ ರಸ್ತೆಯ ಆಶ್ರಮ ನೋಡಿದ ಅಪ್ಪ-ಅಮ್ಮನಿಗೆ ಒಂದು ಕ್ಷಣ ಎಲ್ಲಿದ್ದೀವಿ ಅನ್ನಿಸುತ್ತೆ.

ಕ್ರಿಕೆಟ್ ಹುಚ್ಚಿರೋ ಮನೆಯಾದ್ರೆ ಪೋರ್ಟ್ ಆಫ್ ಸ್ಪೇನ್‌ನ ಕ್ವೀನ್ಸ್ ಪಾರ್ಕ್ ಓವಲ್. 1971ರಲ್ಲಿ ವೆಸ್ಟ್ ಇಂಡೀಸನ್ನ ಭಾರತ ಮೊದಲ ಸಲ ಟೆಸ್ಟ್‌ನಲ್ಲಿ ಸೋಲಿಸಿದ್ದು ಇಲ್ಲಿ. 1976ರಲ್ಲಿ ನಾಲ್ಕನೇ ಇನ್ನಿಂಗ್ಸ್‌ನಲ್ಲಿ 406 ರನ್ ಹೊಡೆದು ಗೆದ್ದಿದ್ದೂ ಇಲ್ಲೇ. ಗಾವಸ್ಕರ್ 102, ಅದನ್ನ ಮುಂಬೈನ ನಿಮ್ಮ ಸಹೋದ್ಯೋಗಿಗಳು ಹೇಳೇ ಹೇಳ್ತಾರೆ. ನಮ್ಮ ವಿಶ್ವನಾಥ್ 112 ಹೊಡೆದಿದ್ದು, ಬ್ರಿಜೇಶ್ ಪಟೇಲ್ 49 ಹೊಡೆದು ಔಟಾಗದೆ ನಿಂತಿದ್ದು, ಮೊದಲ ಇನ್ನಿಂಗ್ಸ್‌ನಲ್ಲಿ ಚಂದ್ರಶೇಖರ್ 6 ವಿಕೆಟ್ ತೆಗೆದಿದ್ದು ನಾವು ಹೇಳ್ಬೇಕು.

ಸಂಜೆ ಕರೋನಿ ಜೌಗಿನಲ್ಲಿ ದೋಣಿ ಪ್ರಯಾಣ. ನಮ್ಮ ರಂಗನತಿಟ್ಟಿನ ಹಾಗೇ, ಆದ್ರೆ ಕಾಂಡ್ಲಾ ಕಾಡಿನ ನಡುವೆ. ಸೂರ್ಯ ಮುಳುಗೋ ಹೊತ್ತಿಗೆ ಕಡುಗೆಂಪು ಐಬಿಸ್ ಹಕ್ಕಿಗಳು ಗುಂಪುಗುಂಪಾಗಿ ಬಂದು ಒಂದು ಹಸಿರು ನಡುಗಡ್ಡೆ ಮೇಲೆ ಕೂರ್ತವೆ, ಮರವೇ ಹೂಬಿಟ್ಟ ಹಾಗೆ ಕಾಣುತ್ತೆ. ಸೊಳ್ಳೆ ಮುಲಾಮು ಮರೀಬೇಡಿ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಉತ್ತರದ ಗ್ರಾಂಡ್ ರಿವಿಯೇರ್ ದಡಕ್ಕೆ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆ ಇಡೋಕೆ ಬರ್ತವೆ, ನಮ್ಮ ಊಟದ ಟೇಬಲ್‌ನಷ್ಟು ದೊಡ್ಡವು. ಅದಕ್ಕೆ ಪರವಾನಗಿ, ಗೈಡ್ ಬೇಕು, ರಾತ್ರಿ ಹೋಗಬೇಕು, ಫ್ಲ್ಯಾಶ್ ಹಾಕೋ ಹಾಗಿಲ್ಲ. ಲಾ ಬ್ರೇ ಊರಲ್ಲಿ ಡಾಂಬರಿನ ಕೆರೆ ಇದೆ, ಸುಮಾರು 100 ಎಕರೆ, ಅದರ ಮೇಲೆ ನಡೆದಾಡಬಹುದು. ವಿಚಿತ್ರ ಅನ್ನೋದು ಬಿಟ್ರೆ ಸುಂದರ ಅಂತ ನಾನು ಹೇಳೋಲ್ಲ. ದಿನ ಕಡಿಮೆ ಇದ್ರೆ ಬಿಡಿ.

ಕೊನೇ ನಾಲ್ಕು ದಿನ ಟೊಬೇಗೊ. ವಿಮಾನದಲ್ಲಿ ಅರ್ಧ ಗಂಟೆ ಒಳಗೆ. ಹಡಗಲ್ಲಿ ಮೂರು-ನಾಲ್ಕು ಗಂಟೆ, ಅಲೆ ಜೋರಿದ್ದರೆ ಮಕ್ಕಳಿಗೆ ವಾಂತಿ. ನೀವು ಫೋಟೋದಲ್ಲಿ ನೋಡಿದ ನೀಲಿ ಸಮುದ್ರ ಇರೋದು ಇಲ್ಲಿ. ಬಕೂ ರೀಫ್‌ಗೆ ಗಾಜಿನ ತಳದ ದೋಣಿ, ಹತ್ತಿರದಲ್ಲೇ ನೈಲಾನ್ ಪೂಲ್, ದಡದಿಂದ ದೂರ ಸಮುದ್ರದ ನಡುವೆ ಸೊಂಟದ ಮಟ್ಟದ ತಿಳಿನೀರು. ಈಜು ಬಾರದವರೂ ಇಳಿಯಬಹುದು.

ಹಾಗಂತ ಎಲ್ಲಾ ಹೂವು ಅಲ್ಲ. ಟ್ರಿನಿಡಾಡ್‌ನಲ್ಲಿ ಗುಂಪುಗಳ ಹೊಡೆದಾಟ, ಬಂದೂಕಿನ ಅಪರಾಧ ನಿಜವಾದ ಸಮಸ್ಯೆ. 2024ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದ್ರು, 2025ರ ಜುಲೈನಲ್ಲಿ ಮತ್ತೆ. ಬುಕ್ ಮಾಡೋ ವಾರ ಒಮ್ಮೆ, ಹೊರಡೋ ವಾರ ಒಮ್ಮೆ ಅಲ್ಲಿನ ಸುದ್ದಿ ನೋಡಿ. ರದ್ದು ಮಾಡಿದ್ರೆ ದುಡ್ಡು ವಾಪಸ್ ಬರೋ ಹೋಟೆಲ್ಲೇ ಇರಲಿ. ಕತ್ತಲಾದ ಮೇಲೆ ಪೋರ್ಟ್ ಆಫ್ ಸ್ಪೇನ್ ಪೇಟೆಯಲ್ಲಿ ನಡ್ಕೊಂಡು ತಿರುಗೋದು ಬೇಡ, ಹೋಟೆಲ್‌ನವರು ಹೇಳಿದ ಟ್ಯಾಕ್ಸಿಯಲ್ಲೇ ಓಡಾಡಿ, ಚಿನ್ನ ಮನೆಯಲ್ಲಿ ಬಿಟ್ಟು ಹೋಗಿ. ಅಮ್ಮ ಮಾಂಗಲ್ಯ ಸರ ತೆಗೆಯೋಲ್ಲ ಅಂದ್ರೆ ಕರಿಮಣಿ ಸಾಕು ಅಂತ ಒಪ್ಪಿಸಿ. ಟೊಬೇಗೊ ಇದಕ್ಕಿಂತ ನಿಧಾನದ ಊರು, ಅಲ್ಲೂ ಹುಷಾರಿರಿ. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತದ ಹೈಕಮಿಷನ್ ಇದೆ, ಅದರ ನಂಬರ್ ಫೋನ್‌ನಲ್ಲಿ ಹಾಕ್ಕೊಳ್ಳಿ.

ಇನ್ನೊಂದು, ಕೇಳಿದ್ರೆ ನಗ್ತೀರಿ. ಮಿಲಿಟರಿ ಡಿಸೈನ್ ಇರೋ ಬಟ್ಟೆ, ಕ್ಯಾಮೋಫ್ಲಾಜ್, ಅಲ್ಲಿ ಸಾಮಾನ್ಯ ಜನ ಹಾಕೋದು ಕಾನೂನುಬಾಹಿರ. ಬಾರ್ಬಡೋಸ್, ಜಮೈಕಾದಲ್ಲೂ ಹಾಗೇ. ಮಕ್ಕಳ ಚಡ್ಡಿ, ಟೋಪಿ, ಬ್ಯಾಗ್ ಎಲ್ಲಾ ಒಂದು ಸಲ ನೋಡಿ ಪ್ಯಾಕ್ ಮಾಡಿ.

ದುಡ್ಡಿನ ವಿಷಯ ಬೇಗ ಮುಗಿಸ್ತೀನಿ. ಖರ್ಚಿನ ದೊಡ್ಡ ಪಾಲು ವಿಮಾನದ್ದೇ. ಅಲ್ಲಿನ ಒಂದು ಡಾಲರ್ ನಮ್ಮ ಸುಮಾರು 12-13 ರೂಪಾಯಿ, ಬೀದಿ ಊಟ ಅಗ್ಗ, ಟೊಬೇಗೊ ಹೋಟೆಲ್ ಅಗ್ಗ ಅಲ್ಲ. ಅಮೆರಿಕನ್ ಡಾಲರ್ ಒಯ್ದು ಅಲ್ಲಿ ಬದಲಾಯಿಸ್ಕೊಳ್ಳಿ. ಇಲ್ಲಿನ ಏಜೆಂಟ್ ಹತ್ರ ಪ್ಯಾಕೇಜ್ ತಗೊಂಡರೆ ಟಿಸಿಎಸ್ ಹಿಡೀತಾರೆ. ಅದು ನಷ್ಟ ಅಲ್ಲ, ರಿಟರ್ನ್ ಹಾಕುವಾಗ ಸರಿಹೊಂದುತ್ತೆ, ಆದ್ರೆ ಅಲ್ಲಿವರೆಗೆ ಕೈಯಿಂದ ಹೋಗಿರುತ್ತೆ. ಇನ್ಶೂರೆನ್ಸ್ ತಗೊಳ್ಳುವಾಗ ಅಪ್ಪ-ಅಮ್ಮನ ಬಿಪಿ, ಶುಗರ್ ಮುಚ್ಚಿಡಬೇಡಿ, ಕ್ಲೈಮ್ ಬಿದ್ದುಹೋಗೋದು ಅಲ್ಲೇ.

ಮೇ ಕೊನೆಗೆ ಹೋಗೋದಾದ್ರೆ ಡಿಸೆಂಬರ್‌ನಲ್ಲೇ ಎಲ್ಲರ ಪಾಸ್‌ಪೋರ್ಟ್ ತೆಗೆದು ಟೇಬಲ್ ಮೇಲೆ ಇಡಿ, ಡಾಕ್ಟರ್ ಹತ್ರ ಮಾತಾಡಿ. ದಾರಿ, ಅದರ ಟ್ರಾನ್ಸಿಟ್ ವೀಸಾ ಜನವರಿಯಲ್ಲಿ ತೀರ್ಮಾನ ಆಗಲಿ. ಟಿಕೆಟ್ ಅದಾದ ಮೇಲೆ. ಲಸಿಕೆ ಏಪ್ರಿಲ್‌ನಲ್ಲಿ ಹಾಕಿಸಿಬಿಡಿ, ಮೇ ಬಂತು ಅಂದ್ರೆ ಆ ಕೇಂದ್ರಗಳಲ್ಲಿ ರಶ್ಶು. ಹಳದಿ ಕಾರ್ಡ್‌ನಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರ್ ಸರಿಯಾಗಿ ಬರೆದಿದ್ದಾರಾ ಅಂತ ಕೌಂಟರ್ ಬಿಡೋಕೆ ಮುಂಚೆ ಓದ್ಕೊಳ್ಳಿ, ನಮ್ಮ ಕಡೆಯ ಹೆಸರು, ಇನಿಷಿಯಲ್ಲು ಬೇರೆ ರಾಜ್ಯದವರ ಕೈಯಲ್ಲಿ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಸರಿ, ಈಗ ನಿಮ್ಮ ಪ್ರಶ್ನೆಗಳು. ಅಲ್ಲಿ ಹಿಂದೆ ಕೂತ ಅಮ್ಮ ಆಗಿನಿಂದ ಕೈ ಎತ್ತಿದ್ದಾರೆ, ಮೈಕ್ ಅವರಿಗೇ ಮೊದಲು ಕೊಡಿ.